ವಾಲಿದ ಕಂಬ

ಪಟಾಕಿ ಹೋದ ಮೂರನೇ ವಾರ ಮೇಸ್ತ್ರಿ ಗೋಡೆಗೆ ಒರಗಿಸಿಟ್ಟಿದ್ದ ಮರದ ಗೇಟನ್ನು ಎಳೆದು ಅಂಗಳದಲ್ಲಿ ಮಲಗಿಸಿದ. ಎರಡು ವರ್ಷದಿಂದ ಅಲ್ಲೇ ನಿಂತಿದ್ದ ಗೇಟು ಅದು. ಹುರುಳಿಕಾಯಿ ಬಳ್ಳಿ ಅದರ ಪಟ್ಟಿಗಳ ಸಂದಿಯಲ್ಲೆಲ್ಲ ನುಗ್ಗಿ ಹೆಣೆದುಕೊಂಡಿತ್ತು. ಎಳೆದ ರಭಸಕ್ಕೆ ಬುಡಸಮೇತ ಕಿತ್ತು ಬಂತು. ಅಡುಗೆಮನೆಯ ಕಿಟಕಿಯ ಬಳಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಅದನ್ನು ನೋಡಿದಳು. ಕೈಗೆ ಸಿಕ್ಕ ಕಲ್ಲೊಂದನ್ನು ಕಿಟಕಿಯಾಚೆ ಎಸೆದು ಮತ್ತೆ ಮೊರದ ಮೇಲೆ ಬಗ್ಗಿದಳು.

ಪಟಾಕಿ ಅಂದರೆ ಮೊಮ್ಮಗಳು. ಬಾಯಿ ತೆರೆದರೆ ಸರಕ್ಕೆ ಬೆಂಕಿ ಇಟ್ಟ ಹಾಗೆ ಮಾತು, ಅದಕ್ಕೇ ಅಜ್ಜ ಮೇಸ್ತ್ರಿ ಇಟ್ಟ ಹೆಸರು. ನಾಲ್ಕು ತುಂಬಿತ್ತು. ಮನೆಯ ಮುಂದಿನ ಕೈತೋಟದಲ್ಲಿ ಆಡುತ್ತಿದ್ದವಳು ಅದೇನು ಕಂಡಳೋ, ಗೇಟಿಲ್ಲದ ಎರಡು ಕಂಬಗಳ ನಡುವಿನಿಂದ ರಸ್ತೆಗೆ ಓಡಿದಳು. ನೀರಿನ ಟ್ಯಾಂಕರು ಹಿಮ್ಮುಖವಾಗಿ ಬರುತ್ತಿತ್ತು. ಅಜ್ಜಿ ಆಗ ಒಳಗಿದ್ದಳು. ತೊಟ್ಟಿಲಲ್ಲಿ ಚಿಕ್ಕವನು ಎದ್ದು ಅಳುತ್ತಿದ್ದ, ಎತ್ತಿಕೊಳ್ಳಲು ಹೋಗಿದ್ದಳು. ಅವನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಬೀದಿಯವರೆಲ್ಲ ಕಂಬದ ಹತ್ತಿರ ಗುಂಪುಗೂಡಿದ್ದರು. ದಾರಿ ಬಿಡಿ, ದಾರಿ ಬಿಡಿ ಅಂದರೆ ಯಾರೂ ಬಿಡಲಿಲ್ಲ. "ನೀವು ನೋಡಬೇಡಿ ಅಜ್ಜಿ," ಅಂದರು.

ಒಗೆದ ಬಟ್ಟೆಯ ಬಕೆಟ್ ಹಿಡಿದು ಸೊಸೆ ಅಂಗಳಕ್ಕೆ ಬಂದಳು. ಬೆನ್ನಿಗೆ ಶಾಲಿನಲ್ಲಿ ಮರಿಯನ್ನು ಕಟ್ಟಿಕೊಂಡಿದ್ದಳು. ಮರಿ ಎಂದರೆ ಆ ಚಿಕ್ಕವನೇ. ಇನ್ನೂ ವರ್ಷ ತುಂಬಿರಲಿಲ್ಲ. ಗೇಟು ನೋಡಿ ಅವಳು ಬಕೆಟ್ ಕೆಳಗಿಟ್ಟಳು.

"ಈಗ್ಯಾಕೆ ಮಾವ?"

ಮೇಸ್ತ್ರಿ ತಲೆ ಎತ್ತಲಿಲ್ಲ. ಉಳಿಯಿಂದ ಕೆಳಗಿನ ಅಡ್ಡಪಟ್ಟಿಯನ್ನು ಚುಚ್ಚಿ ನೋಡುತ್ತಿದ್ದ. ಗೆದ್ದಲು ತಿಂದಿತ್ತು.

"ಮರಿ ಇನ್ನೇನು ನಡೆಯೋಕೆ ಶುರು ಮಾಡ್ತಾನಲ್ಲಮ್ಮ," ಅಂದ.

ಸೊಸೆ ಬಟ್ಟೆ ಹರವದೆ, ಬಕೆಟ್ ಅಲ್ಲೇ ಬಿಟ್ಟು ಒಳಗೆ ಹೋದಳು. ಅಜ್ಜಿ ಹೊರಗೆ ಬಂದು ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ತಂತಿಗೆ ಹಾಕಿದಳು. ಗಂಡ ಹೆಂಡತಿ ಕೈಯಳತೆಯಷ್ಟು ದೂರದಲ್ಲಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಗೇಟು ಕಳಚಿದ್ದು ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟುವಾಗ. ಇಟ್ಟಿಗೆ ಲಾರಿ ಒಳಗೆ ಬರಬೇಕಿತ್ತು. ಕೆಲಸ ಮುಗಿದ ಮೇಲೆ ಮಗ ಒಂದು ಸಲ ವೆಲ್ಡಿಂಗ್‌ನವನನ್ನು ಕರೆತಂದಿದ್ದ, ಕಬ್ಬಿಣದ ಗೇಟು ಹಾಕಿಸೋಣ ಅಂತ. ಮೇಸ್ತ್ರಿ ಅವನನ್ನು ಕಂಬದಾಚೆಯಿಂದಲೇ ಸಾಗಹಾಕಿದ. "ಪೀಠೋಪಕರಣದ ಕಾರ್ಖಾನೆಯಲ್ಲಿ ಇಪ್ಪತ್ತು ಜನ ನನ್ನ ಕೈಕೆಳಗೆ ಕೆಲಸ ಮಾಡಿದಾರೆ. ನನ್ನ ಮನೆ ಗೇಟಿಗೆ ಇನ್ನೊಬ್ಬ ಬರಬೇಕಾ? ನಾನೇ ಹಾಕ್ತೀನಿ," ಅಂದ. ಮಗ ಸಿಟ್ಟಾಗಿ ಆ ವಿಷಯ ಮತ್ತೆ ಎತ್ತಲಿಲ್ಲ. ಮೇಸ್ತ್ರಿಗೆ ಇವತ್ತು ನಾಳೆ ಅಂತ ದಿನ ಹೋಯಿತು. ನಿವೃತ್ತಿಯಾದ ಮೇಲೆ ಅವನು ಬೆಳಗ್ಗೆ ಮರದ ಡಿಪೋಗೆ ಹೋಗಿ ಹಳೆಯ ಗೆಳೆಯರ ಜೊತೆ ಕೂತರೆ ಊಟಕ್ಕೇ ಬರುವುದು. ಅವತ್ತೂ ಅಲ್ಲೇ ಇದ್ದ. ಅಲ್ಲಿಂದಲೇ ಅವನನ್ನು ಕರೆತಂದರು.

ಮನೆ ಮೊದಲಿನ ಹಾಗೇ ನಡೆಯುತ್ತಿತ್ತು, ಅಂದರೆ ಒಲೆ ಉರಿಯುತ್ತಿತ್ತು, ಪಾತ್ರೆ ತೊಳೆಯಲಾಗುತ್ತಿತ್ತು. ಮಗ ಬಸ್ ಡ್ರೈವರ್. ಕೇಳಿ ಕೇಳಿ ಡಬಲ್ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ. ಬಂದವನು ಕೈ ತೊಳೆದು, ತಟ್ಟೆಯಲ್ಲಿದ್ದದ್ದನ್ನು ನುಂಗಿ ಮಲಗುತ್ತಿದ್ದ. ಒಂದು ದಿನ ಅನ್ನ ಕಲಸುತ್ತಾ ತನ್ನಷ್ಟಕ್ಕೇ ಹೇಳಿದ, "ರಿವರ್ಸ್ ಗೇರಿಗೆ ಕೈ ಹೋಗಲ್ಲಮ್ಮ. ಕಂಡಕ್ಟರ್ ಕೆಳಗಿಳಿದು ಹಿಂದೆ ಹೋಗಿ ನೋಡಿ ಸೀಟಿ ಹೊಡೆದರೂ ಹೋಗಲ್ಲ. ಇವತ್ತು ನಮ್ಮ ಡಿಪೋದಲ್ಲಿ ಬೇರೆಯವನು ಹತ್ತಿ ಬಸ್ ನಿಲ್ಲಿಸಿಕೊಟ್ಟ."

ಅಜ್ಜಿ ಇನ್ನೊಂದು ಸೌಟು ಅನ್ನ ಹಾಕಲು ಹೋದಳು. ಅವನು ತಟ್ಟೆಗೆ ಕೈ ಅಡ್ಡ ಹಿಡಿದ.

"ಅಮ್ಮ, ದಿನಾ ಉಳೀತಾ ಇದೆ. ಅಳತೆ ಕಮ್ಮಿ ಮಾಡು."

ಪಟಾಕಿ ತಿನ್ನುತ್ತಿದ್ದದ್ದು ಎಷ್ಟು ಮಹಾ! ಹಿಡಿ ಅನ್ನ. ಆದರೆ ಅಜ್ಜಿಯ ಕೈ ಅಕ್ಕಿ ಡಬ್ಬಿಯೊಳಗೆ ಹೋದರೆ ಹಳೇ ಲೆಕ್ಕಕ್ಕೇ ಹೋಗುತ್ತಿತ್ತು. ಮಾರನೆಯ ದಿನದಿಂದ ಅಳೆದ ಮೇಲೆ ಒಂದು ಹಿಡಿ ತೆಗೆದು ವಾಪಸು ಡಬ್ಬಿಗೆ ಹಾಕಲು ಕಲಿತಳು.

ಕೈಗೆ ಬೇರೆ ಕೆಲಸವೇ ಇರಲಿಲ್ಲ. ಸೊಸೆ ಮರಿಯನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಕೊಡಲ್ಲ ಅಂತ ಬಾಯಿಬಿಟ್ಟು ಹೇಳಿರಲೂ ಇಲ್ಲ. ಕಸ ಗುಡಿಸುವಾಗ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದಳು. ಸ್ನಾನಕ್ಕೆ ಹೋಗುವಾಗ ಅವನನ್ನೂ ಬಚ್ಚಲಿಗೆ ಕರೆದುಕೊಂಡು ಹೋಗಿ ಟಬ್ಬಿನಲ್ಲಿ ಕೂರಿಸುತ್ತಿದ್ದಳು. ಅವಳಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಮೇಲ್ವಿಚಾರಕಿಯ ಕೈಕಾಲು ಹಿಡಿದು ಮಗುವನ್ನು ಅಲ್ಲಿಗೇ ಒಯ್ಯಲು ಒಪ್ಪಿಸಿದ್ದಳು. ಹೊದಿಕೆಗಳ ಗಂಟಿನ ಮೇಲೆ ಮಲಗಿಸಿಕೊಳ್ಳುತ್ತಾಳಂತೆ. ಬೆಳಗ್ಗೆ ಹಾಲಿನ ಬಾಟಲಿ, ಬಟ್ಟೆ, ಆಟದ ಗಿಲಕಿ ಎಲ್ಲ ಚೀಲಕ್ಕೆ ತುಂಬುತ್ತಿದ್ದರೆ ಅಜ್ಜಿ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು.

"ಅಲ್ಲಿ ಹಬೆ ಅಲ್ವೇನಮ್ಮ? ಬಿಸಿ ಆಗಲ್ವಾ ಅವನಿಗೆ?"

"ಅಭ್ಯಾಸ ಆಗುತ್ತೆ ಅತ್ತೆ."

"ಚೀಲನಾದ್ರೂ ಕೊಡು, ಬಸ್ ಸ್ಟಾಪಿನವರೆಗೂ ತರ್ತೀನಿ."

"ಬೇಡ. ಆಗುತ್ತೆ."

ಮರಿ ತಾಯಿಯ ಹೆಗಲ ಮೇಲಿಂದ ಅಜ್ಜಿಯ ಕಡೆ ಎರಡೂ ಕೈ ಚಾಚುತ್ತಿದ್ದ. ಅವನಿಗೇನು ಗೊತ್ತು! ಅಜ್ಜಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಮೇಸ್ತ್ರಿ ಮರದ ಡಿಪೋ ಕಡೆ ತಲೆ ಹಾಕುವುದನ್ನೇ ಬಿಟ್ಟ. ದಿನವಿಡೀ ಅಂಗಳದಲ್ಲೇ. ಗೆದ್ದಲು ತಿಂದ ಅಡ್ಡಪಟ್ಟಿ ತೆಗೆದು ಹೊಸದು ಕೂರಿಸಿದ. ತುಕ್ಕು ಹಿಡಿದ ತಿರುಪುಗಳಿಗೆ ಸೀಮೆಎಣ್ಣೆ ಬಿಟ್ಟು ಬಿಚ್ಚಿದ. ಹತ್ತು ವರ್ಷದ ಹಿಂದಾದರೆ ಒಂದು ದಿನದ ಕೆಲಸ. ಈಗ ತಿರುಪು ಹಿಡಿದರೆ ಬೆರಳು ನಡುಗುತ್ತಿತ್ತು, ಕೆಳಗೆ ಬಿದ್ದ ತಿರುಪನ್ನು ಮಣ್ಣಿನಲ್ಲಿ ತಡಕಾಡಿ ಹುಡುಕಬೇಕಾಗುತ್ತಿತ್ತು. ಅಜ್ಜಿ ಊಟಕ್ಕೆ ಕರೆದರೆ "ಬಂದೆ" ಅನ್ನುತ್ತಿದ್ದ, ಬರುತ್ತಿರಲಿಲ್ಲ.

ರಜೆ ಇದ್ದ ಒಂದು ದಿನ ಮಗ ಕಂಬದ ಪಕ್ಕ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

"ಅಪ್ಪ, ಈ ಕಂಬ ವಾಲಿದೆ."

"ಎಲ್ಲಿ ವಾಲಿದೆ?"

"ಒಳಗಡೆಗೆ. ಇಟ್ಟಿಗೆ ಲಾರಿ ತಾಗಿತ್ತಲ್ಲ, ಆವತ್ತೇ ಬುಡ ಸಡಿಲ ಆಗಿರಬೇಕು. ಇದಕ್ಕೆ ಗೇಟು ಹಾಕಿದ್ರೆ ನಿಲ್ಲಲ್ಲ."

"ನಾನು ಕಟ್ಟಿದ ಕಂಬ ಅದು."

"ಕಟ್ಟಿದ್ದು ನೀನೇ ಕಣಪ್ಪ, ತಾಗಿಸಿದ್ದು ಲಾರಿ. ನಿನ್ನ ಮರ್ಯಾದೆ ಏನು ಹೋಗುತ್ತೆ ಇದರಲ್ಲಿ?"

"ನೀನು ಸ್ಟೇರಿಂಗ್ ತಿರುಗಿಸೋದು ನೋಡಿಕೋ," ಅಂದ ಮೇಸ್ತ್ರಿ.

ಮಗ ಒಳಗೆ ಹೋದ. ಅವತ್ತು ಮಧ್ಯಾಹ್ನವೇ ಯಾರದೋ ಬದಲಿಗೆ ಡ್ಯೂಟಿಗೆ ಹೊರಟುಬಿಟ್ಟ.

ಗೇಟು ಏರಿದ್ದು ಭಾನುವಾರ. ಎಲ್ಲರೂ ಊಟಕ್ಕೆ ಕೂತಿದ್ದರು. ಮೇಸ್ತ್ರಿ ಒಬ್ಬನೇ ಇಟ್ಟಿಗೆಯ ಮೇಲೆ ಗೇಟು ನಿಲ್ಲಿಸಿ, ತಿರುಪು ಬಿಗಿದು, ಮೈಯೆಲ್ಲ ಬೆವರಾಗಿ ಬಾಗಿಲಲ್ಲಿ ಬಂದು ನಿಂತ. "ಬನ್ನಿ. ನೋಡಿ ಬನ್ನಿ," ಅಂದ. ಅವನ ದನಿಯಲ್ಲಿ ಎಷ್ಟೋ ದಿನದ ಮೇಲೆ ಏನೋ ಒಂದು ಜೀವ ಇತ್ತು. ಮಗ ಎಂಜಲು ಕೈಯಲ್ಲೇ ಎದ್ದ. ಸೊಸೆ ಮರಿಯನ್ನೆತ್ತಿಕೊಂಡು ಬಂದಳು. ಅಜ್ಜಿ ಕೈಯಲ್ಲಿದ್ದ ಸೌಟಿನ ಸಮೇತ ಬಂದಳು.

ಮೇಸ್ತ್ರಿ ಗೇಟನ್ನು ಮುಚ್ಚಿ ಕೈ ತೆಗೆದ.

ಗೇಟು ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ, ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಮೆಲ್ಲಗೆ ಒಳಗಡೆಗೆ ಸರಿಯತೊಡಗಿತು. ಪೂರ್ತಿ ತೆರೆದುಕೊಂಡು ಹೂವಿನ ಪಾತಿಯ ಅಂಚಿಗೆ ತಾಗಿ ನಿಂತಿತು. ರಸ್ತೆ ಪೂರ್ತಿ ಕಾಣಿಸಿತು.

ಮೇಸ್ತ್ರಿ ಹೋಗಿ ಮತ್ತೆ ಮುಚ್ಚಿದ. ಮತ್ತೆ ತೆರೆದುಕೊಂಡಿತು.

"ಚಿಲಕ ಹಾಕಿದ್ರೆ ನಿಲ್ಲುತ್ತೆ," ಅಂದ. "ಚಿಲಕ ಇನ್ನೂ ಹಾಕಿಲ್ಲ."

"ಹಾಕೋದು ಮರೆತರೆ?" ಅಂದಳು ಸೊಸೆ.

"ಯಾರು ಮರೀತಾರೆ?"

"ಯಾರೋ ಒಬ್ಬರು ಮರೀತಾರೆ ಮಾವ. ಈ ಮನೇಲಿ ಮರೆಯೋರಿಗೆ ಏನು ಬರ?" ಅವಳ ದನಿ ಏರಿತು. "ಎರಡು ವರ್ಷ ಗೋಡೆಗೆ ಒರಗಿಸಿಟ್ಟು ಮರೆತಿರಲ್ಲ, ಹಾಗೆ!"

"ನಾನು ಹೇಳಿದ್ದೆ," ಅಂದ ಮಗ. "ಕಂಬ ವಾಲಿದೆ ಅಂತ ಬಡ್ಕೊಂಡೆ. ಆವತ್ತು ವೆಲ್ಡಿಂಗ್‌ನವನನ್ನ ಕರ್ಕೊಂಡು ಬಂದಾಗಲೂ ಹೇಳಿದ್ದೆ. ಕೇಳಿದ್ಯಾ?"

"ಎಲ್ಲಾ ನನ್ನ ತಲೆಗೇ ಕಟ್ತೀರಾ?" ಮೇಸ್ತ್ರಿ ಸುತ್ತ ನೋಡಿದ. ಅಜ್ಜಿ ಕಣ್ಣಿಗೆ ಬಿದ್ದಳು. "ಇವಳು ಕಣ್ಣಿಟ್ಟು ನೋಡಿಕೊಂಡಿದ್ದಿದ್ರೆ ಗೇಟು ಯಾಕೆ ಬೇಕಿತ್ತು? ಹೇಳಿ! ಮನೇಲಿ ಇದ್ದೋಳು ಇವಳು ತಾನೆ?"

ಇಷ್ಟು ದಿನ ಯಾರೂ ಆಡಿರದ ಮಾತು. ಆಡಿದವನು ನಲವತ್ತೆರಡು ವರ್ಷ ಜೊತೆಗೆ ಬಾಳಿದವನು. ಅಜ್ಜಿಗೆ ತಕ್ಷಣ ನೋವಾಗಲಿಲ್ಲ. ಕೈಯ ಸೌಟಿನಿಂದ ಬೇಳೆ ಕಾಲ ಮೇಲೆ ತೊಟ್ಟಿಕ್ಕುತ್ತಿರುವುದು ಮಾತ್ರ ತಿಳಿಯಿತು.

"ಹೌದು," ಅಂದಳು. "ನಾನೇ ಇದ್ದೋಳು."

ಆಗ ಮಾತಾಡಿದವಳು ಸೊಸೆ. "ಅವರ ಮೇಲೆ ಹಾಕಬೇಡಿ ಮಾವ. ಇವನು ಅತ್ತ ಅಂತ ಅವರು ಒಳಗೆ ಹೋದ್ರು. ಇರೋದು ಎರಡು ಕೈ. ನೀವು ಆ ಹೊತ್ತಿಗೆ ಎಲ್ಲಿದ್ರಿ? ಡಿಪೋದಲ್ಲಿ ಹರಟೆ ಹೊಡೀತಿದ್ರಿ." ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಕಣ್ಣು ಒಣಗಿತ್ತು. "ಹಾಗಂತ ನನ್ನ ಹೊಟ್ಟೆ ಉರಿ ಆರಿದೆ ಅಂತ ತಿಳ್ಕೋಬೇಡಿ ಅತ್ತೆ. ನಿಮ್ಮನ್ನ ನೋಡಿದ್ರೆ ನಂಗೆ ಅವಳೇ ಕಾಣ್ತಾಳೆ. ನಾನೇನು ಮಾಡ್ಲಿ?"

ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಒಣಗಿತು. ಸಂಜೆ ಮಗ ಹಗ್ಗದ ತುಂಡೊಂದರಿಂದ ಗೇಟನ್ನು ಆಚೆಯ ಕಂಬಕ್ಕೆ ಬಿಗಿದು ಕಟ್ಟಿದ.

ಅಂದಿನಿಂದ ಅಜ್ಜಿ ಗಂಡನ ಜೊತೆ ಮಾತು ಬಿಟ್ಟಳು. ಹೊತ್ತು ಹೊತ್ತಿಗೆ ತಟ್ಟೆ ತಂದಿಡುತ್ತಿದ್ದಳು. ತಟ್ಟೆ ನೆಲಕ್ಕೆ ತಾಗಿದ ಸದ್ದೇ ಊಟದ ಕರೆ. ಮೇಸ್ತ್ರಿ ಉಪಕರಣಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗಡ್ಡ ಬೆಳೆಯಿತು. "ಅಪ್ಪನಿಗೆ ಹುಷಾರಿಲ್ವಾ?" ಅಂತ ಮಗ ಕೇಳಿದರೆ ಅಜ್ಜಿ "ಅವರನ್ನೇ ಕೇಳು" ಅಂದಳು. ಮಗ ಕೇಳಲಿಲ್ಲ.

ದಿನಾ ಬೆಳಗ್ಗೆ ಸೊಸೆ ಸೊಂಟದಲ್ಲಿ ಮಗು, ಹೆಗಲಲ್ಲಿ ಚೀಲ ಹೊತ್ತು ಒಂದೇ ಕೈಯಲ್ಲಿ ಹಗ್ಗದ ಗಂಟು ಬಿಚ್ಚಲು ಒದ್ದಾಡುತ್ತಿದ್ದಳು. ಇಬ್ಬನಿಗೆ ನೆಂದ ಗಂಟು ಬಿಗಿದಿರುತ್ತಿತ್ತು. ಅಜ್ಜಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಸೊಸೆ ಆಚೆ ಹೋದ ಮೇಲೆ ಇಳಿದು ಬಂದು ಗಂಟು ಹಾಕುವುದು ಮಾತ್ರ ಅವಳ ಪಾಲಿನ ಕೆಲಸ.

ತಿಂಗಳು ಕಳೆಯುವಷ್ಟರಲ್ಲಿ ಮರಿಗೆ ಕೆಮ್ಮು ಹಿಡಿಯಿತು. ಮೊದಲು ಬರೀ ಕೆಮ್ಮು, ಆಮೇಲೆ ಎದೆಯಲ್ಲಿ ಗೊರಗೊರ. ಲಾಂಡ್ರಿಯ ಬ್ಲೀಚಿಂಗ್ ಘಾಟು, ಹಬೆ, ಅಲ್ಲಿಂದ ಹೊರಗೆ ಬಂದರೆ ತಣ್ಣನೆ ಗಾಳಿ. ಆಸ್ಪತ್ರೆಯ ಮಕ್ಕಳ ಡಾಕ್ಟರು ಸೊಸೆಯನ್ನು ಚೆನ್ನಾಗಿ ಬೈದರಂತೆ. ಮೇಲ್ವಿಚಾರಕಿಯೂ ಕೈ ಚೆಲ್ಲಿದಳು: "ನಿನ್ನ ಕಷ್ಟ ನಂಗೆ ಅರ್ಥ ಆಗುತ್ತಮ್ಮ. ಆದ್ರೆ ನಾಳೆ ಏನಾದ್ರೂ ಆದ್ರೆ ನನ್ನ ಕೆಲಸ ಹೋಗುತ್ತೆ." ಸೊಸೆ ಉಳಿದಿದ್ದ ರಜೆಯೆಲ್ಲ ಹಾಕಿ ಮನೆಯಲ್ಲಿ ಕೂತಳು. ಪಕ್ಕದ ಮನೆಯ ಟೈಲರಮ್ಮನನ್ನು ಹೋಗಿ ಕೇಳಿದಳು. ಟೈಲರಮ್ಮ ಕಣ್ಣೀರು ಹಾಕಿಕೊಂಡಳೇ ವಿನಾ ಹೂಂ ಅನ್ನಲಿಲ್ಲ. "ನಮ್ಮನೇಲಿ ಎಲ್ಲಿ ನೋಡಿದರಲ್ಲಿ ಸೂಜಿ, ಕತ್ತರಿ. ಮಗು ನುಂಗಿಬಿಟ್ರೆ ಏನು ಗತಿ?" ಅಂದಳು. ಒಂದು ಮಗು ಸತ್ತ ಮನೆಯ ಇನ್ನೊಂದು ಮಗುವಿನ ಜವಾಬ್ದಾರಿ ಯಾರಿಗೆ ಬೇಕು?

ರಜೆ ಮುಗಿಯುತ್ತಾ ಬಂತು. ಊಟದ ಹೊತ್ತಿನಲ್ಲಿ ಮಗ ಅಂದ, "ಅಮ್ಮ ಇದಾಳಲ್ಲ."

ಸೊಸೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಗೇಟು ಆಗಲಿ ಮೊದಲು," ಅಂದಳು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಜ್ಜಿಗೆ ಇಬ್ಬರ ಮಾತೂ ಕೇಳಿಸಿತು. ಸೊಸೆ ತಟ್ಟೆ ತಂದು ಸಿಂಕಿನಲ್ಲಿಟ್ಟಾಗ ಅವಳು ನಲ್ಲಿ ನಿಲ್ಲಿಸಿದಳು.

"ಬೇಡಮ್ಮ. ನನ್ನ ಕೈಗೆ ಕೊಡಬೇಡ."

"ಯಾಕೆ?"

"ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ಅವನು ಅಳೋದು ಕೇಳಿದ್ರೆ ಸಾಕು, ಎದೆ ಹೊಡ್ಕೊಳ್ಳುತ್ತೆ. ಕಾಲು ಕಿತ್ತಿಡೋಕೆ ಆಗಲ್ಲ."

ಸೊಸೆ ಅವಳನ್ನೇ ನೋಡಿದಳು. "ನಂಗೂ ನಂಬಿಕೆ ಇಲ್ಲ ಅತ್ತೆ," ಅಂದಳು. ಕಹಿಯಿಂದ ಅಲ್ಲ, ಹೊತ್ತು ಹೊತ್ತು ಸುಸ್ತಾದವರು ಹೇಳುವ ಹಾಗೆ. "ಆದ್ರೆ ನಮಗೆ ಬೇರೆ ಯಾರಿದ್ದಾರೆ, ಹೇಳಿ?"

ಅಜ್ಜಿ ಕೈ ಒರೆಸಿಕೊಂಡು ಕೋಣೆಗೆ ಹೋದಳು. ಮೇಸ್ತ್ರಿ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆ ಮಾಡುತ್ತಿಲ್ಲ ಅಂತ ಅವನ ಉಸಿರೇ ಹೇಳುತ್ತಿತ್ತು.

"ಏಳಿ," ಅಂದಳು.

ಅಷ್ಟು ದಿನದ ಮೇಲೆ ಕೇಳಿದ ದನಿ. ಮೇಸ್ತ್ರಿ ತಿರುಗಿದ.

"ಏಳಿ. ಗೇಟು ಸರಿ ಮಾಡಿ."

"ನನ್ನ ಕೈಯಲ್ಲಿ ಆಗಲ್ಲ ಕಣೇ. ಬೆರಳು ನಿಲ್ಲಲ್ಲ."

"ಮಗನ್ನ ಕರೀರಿ."

ಅವನು ಸೂರು ನೋಡುತ್ತಾ ಮಲಗಿದ. "ಆವತ್ತು ನಾನು ಅಂದಿದ್ದು..." ಅಂತ ಶುರು ಮಾಡಿದ.

"ಅದು ಈಗ ಬೇಡ. ನೀವು ಅಂದಿದ್ದು ಅಂದಾಯ್ತು, ನಾನು ಕೇಳಿದ್ದೂ ಆಯ್ತು. ಎದ್ದು ಹೋಗಿ ಅವನನ್ನ ಕೇಳಿ. ನಾನು ಕೇಳೋದಲ್ಲ. ನೀವು ಕೇಳಬೇಕು."

ಮೇಸ್ತ್ರಿ ಎದ್ದು ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗಿ ಹಾಕಿಕೊಂಡು ಹೊರಗೆ ಹೋದ. ಮಗ ಮೆಟ್ಟಿಲ ಮೇಲೆ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದ. ಅಪ್ಪ ಬಂದು ಪಕ್ಕದಲ್ಲಿ ನಿಂತರೂ ಬ್ರಶ್ ನಿಲ್ಲಿಸಲಿಲ್ಲ. ಒಳಗಿಂದ ಅಜ್ಜಿ ಕಿವಿಗೊಟ್ಟಳು.

"ಕಂಬ ವಾಲಿದೆ," ಅಂದ ಮೇಸ್ತ್ರಿ.

ಬ್ರಶ್ ನಿಂತಿತು.

"ಒಂದು ಕೈ ಕೊಡಪ್ಪ. ನನ್ನೊಬ್ಬನ ಕೈಲಿ ಆಗಲ್ಲ."

ಮಾರನೆಯ ದಿನ ಮಗ ಡ್ಯೂಟಿಗೆ ಹೋಗಲಿಲ್ಲ. ಕಂಬ ಒಡೆಯುವುದು ಬೇಡ, ಒಡೆದರೆ ಕಾಂಪೌಂಡ್ ಗೋಡೆಯೂ ಬಿಡುತ್ತದೆ ಅಂತ ಇಬ್ಬರೂ ಒಪ್ಪಿದರು. ಮರದ ಡಿಪೋದಿಂದ ಒಂದು ದಪ್ಪ ಹಲಗೆ ತಂದರು. ಕಂಬ ಹೇಗಾದರೂ ವಾಲಿರಲಿ, ಅದರ ಮೈಗೆ ಈ ಹಲಗೆಯನ್ನು ನೆಟ್ಟಗೆ ಬೋಲ್ಟ್ ಹಾಕಿ ಬಿಗಿದು, ಗೇಟನ್ನು ಹಲಗೆಗೆ ತೂಗಿಹಾಕುವುದು. ಮೇಸ್ತ್ರಿ ನೇರ ನೋಡಲು ದಾರದಲ್ಲಿ ತೂಗುಗುಂಡು ಇಳಿಬಿಟ್ಟು ಹಿಡಿದ. ಗುಂಡು ನಿಲ್ಲಲೇ ಇಲ್ಲ, ಅವನ ಕೈಯ ಜೊತೆ ಅದೂ ನಡುಗಿತು. ಮಗ ದಾರವನ್ನು ಅವನ ಕೈಯಿಂದ ತೆಗೆದುಕೊಂಡು ಕಂಬದ ನೆತ್ತಿಗೆ ಒಂದು ಮೊಳೆ ಹೊಡೆದು ಕಟ್ಟಿದ.

"ಪೂರ್ತಿ ನೆಟ್ಟಗೆ ಬೇಡ," ಅಂದ ಮೇಸ್ತ್ರಿ. "ಮೇಲ್ತುದಿ ಒಂದು ಎಳೆ ರಸ್ತೆ ಕಡೆಗಿರಲಿ. ಆಗ ಗೇಟು ತಾನಾಗೇ ಮುಚ್ಕೊಳ್ಳುತ್ತೆ. ಆಚೆ ಕಂಬಕ್ಕೆ ತಡೆಪಟ್ಟಿ ಹೊಡೆದ್ರೆ ಹೊರಗಡೆಗೆ ಹೋಗಲ್ಲ."

"ಎಷ್ಟು? ಇಷ್ಟಾ?"

"ಸ್ವಲ್ಪ ತಾ. ಸಾಕು. ಹಾಂ, ಅಲ್ಲೇ."

ಹಲಗೆ ಬಂದದ್ದರಿಂದ ನಡುವಿನ ಜಾಗ ಕಿರಿದಾಯಿತು. ಗೇಟಿನ ಒಂದು ಅಂಚನ್ನು ಉದ್ದಕ್ಕೂ ಕೊಯ್ಯಬೇಕಾಯಿತು. ಅಪ್ಪ ಗೆರೆ ಎಳೆದ, ಮಗ ಗರಗಸ ಹಿಡಿದ. ಗೆರೆಯೂ ಸೊಟ್ಟ, ಗರಗಸವೂ ಸೊಟ್ಟ. "ಕಾರ್ಖಾನೆಯಲ್ಲಿ ಯಾವನಾದ್ರೂ ಹೀಗೆ ಕೊಯ್ದಿದ್ರೆ ಅವನ ಬೆನ್ನು ಮುರೀತಿದ್ದೆ," ಅಂದ ಮೇಸ್ತ್ರಿ. "ಗೆರೆ ಎಳೆದವನ ಬೆನ್ನು ಮೊದಲು ಮುರೀಬೇಕಿತ್ತು," ಅಂದ ಮಗ. ಯಾರೂ ನಗಲಿಲ್ಲ, ಆದರೂ ಗರಗಸದ ಸದ್ದು ಅಲ್ಲಿಂದ ಮುಂದೆ ಸ್ವಲ್ಪ ಹಗುರವಾಯಿತು. ತಿರುಪು ಬಿಗಿಯುವಾಗ ಗೇಟನ್ನು ಎತ್ತಿ ಹಿಡಿಯಲು ಮೂರನೆಯವರು ಬೇಕಾದರು. ಅಜ್ಜಿ ಭುಜ ಕೊಟ್ಟು ನಿಂತಳು. ಮರದ ಭಾರ ಕುತ್ತಿಗೆಗೆ ಒತ್ತಿತು. ಆಮೇಲೆ ತಾನಾಗೇ ಬೀಳುವ ಚಿಲಕವನ್ನೂ ಕೂರಿಸಿದರು. ಸೊಸೆ ಮರಿಯನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದಳು, ಹೊರಗೆ ಬರಲಿಲ್ಲ.

ಕೈ ಬಿಟ್ಟರೆ ಗೇಟು ಹೋಗಿ ತಡೆಪಟ್ಟಿಗೆ ತಾಗಿ ನಿಂತಿತು. ಮಗ ಅದನ್ನು ತೆರೆದು ಬಿಟ್ಟ. ಮತ್ತೆ ಹೋಗಿ ತಾಗಿತು. ಎಷ್ಟು ಸಲ ಬಿಟ್ಟರೂ ಹಾಗೇ. ಮಗ ಕೊನೆಗೆ ಗೇಟಿನ ಮೇಲೆ ಎರಡೂ ಕೈ ಊರಿ, ತಲೆ ಬಗ್ಗಿಸಿ, ಬಿಕ್ಕುತ್ತಾ ನಿಂತುಬಿಟ್ಟ. ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ಮೇಸ್ತ್ರಿ ಅವನ ಬೆನ್ನಿನ ಮೇಲೆ ಕೈ ಇಡಲು ಹೋಗಿ, ಇಡಲೋ ಬೇಡವೋ ಅಂತ ನಿಂತು, ಕೊನೆಗೆ ಇಟ್ಟ.

ಸೋಮವಾರ ಸೊಸೆ ಕೆಲಸಕ್ಕೆ ಹೊರಟಳು. ಮರಿಯನ್ನು ಅಜ್ಜಿಯ ಕೈಗೆ ಕೊಡುವಾಗ ಒಮ್ಮೆಗೇ ಬಿಡಲಿಲ್ಲ. ಇಬ್ಬರ ಕೈಯೂ ಒಂದು ಗಳಿಗೆ ಮಗುವಿನ ಮೇಲಿತ್ತು. "ಔಷಧಿ ಹನ್ನೊಂದಕ್ಕೆ," ಅಂದಳು. "ಮೆಟ್ಟಿಲ ಹತ್ತಿರ ಬಿಡಬೇಡಿ." ಗೇಟು ದಾಟಿ, ಅದು ಮುಚ್ಚಿಕೊಳ್ಳುವವರೆಗೂ ನಿಂತು, ಚಿಲಕ ಬಿದ್ದಿದೆಯೇ ಅಂತ ಅಲುಗಾಡಿಸಿ ನೋಡಿ ಹೋದಳು. ಮಗ ಆಗಲೇ ಮೊದಲ ಬಸ್ಸಿಗೆ ಹೋಗಿದ್ದ.

ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಮರಿಯ ಪಕ್ಕ ಕೂತಳು. ಅವನು ಅಂಬೆಗಾಲಿಟ್ಟರೆ ಅವಳೂ ಮಂಡಿಯ ಮೇಲೆ ಹಿಂದೆ ಹೋದಳು. ಗೇಟಿನ ಪಟ್ಟಿ ಹಿಡಿದು ಎದ್ದು ನಿಂತರೆ ಅವಳು ಅವನ ಅಂಗಿಯ ಅಂಚು ಹಿಡಿದಳು. ರಸ್ತೆಯಲ್ಲಿ ಲಾರಿ ಹೋದಾಗೆಲ್ಲ ಅವಳ ಹಿಡಿತ ಬಿಗಿಯಾಗಿ ಮಗು ಕಿರುಚುತ್ತಿತ್ತು. ಹೊತ್ತು ಏರಿತು. ಔಷಧಿ ಕುಡಿಸಿದಳು. ಬೆಳಗ್ಗೆ ಸೊಸೆ ಮಾಡಿಟ್ಟುಹೋದ ಗಂಜಿ ತಿನ್ನಿಸಿದಳು. ಅವನು ನಿದ್ದೆ ಹೋದರೆ ತೊಡೆಯ ಮೇಲೇ ಮಲಗಿಸಿಕೊಂಡಳು, ತೊಡೆ ಜೋಮು ಹಿಡಿದರೂ ಅಲುಗಲಿಲ್ಲ.

ಮೇಸ್ತ್ರಿ ಎರಡು ಸಲ ಬಂದ.

"ನಾನು ನೋಡ್ಕೋತೀನಿ. ನೀನು ಹೋಗಿ ಒಂದು ತುತ್ತು ಉಣ್ಣು."

ಅವಳು ತಲೆಯಾಡಿಸಿದಳು.

"ಒಳಗಾದ್ರೂ ಹೋಗಿ ಬಾರೇ. ಬೆಳಗ್ಗೆಯಿಂದ ಎದ್ದಿಲ್ಲ ನೀನು."

"ನೀವು ಉಣ್ಣಿ. ಪಾತ್ರೆಯಲ್ಲಿದೆ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ದೂರದಲ್ಲಿ ಮೆಟ್ಟಿಲ ಮೇಲೆ ಕೂತ, ಸಂಜೆಯವರೆಗೂ ಕೂತೇ ಇದ್ದ. ಅವನೂ ಉಣ್ಣಲಿಲ್ಲ.

ಸೊಸೆ ಬಂದಾಗ ಓಡುತ್ತಾ ಬಂದ ಹಾಗೆ ಏದುಸಿರು ಬಿಡುತ್ತಿದ್ದಳು. ಗೇಟಿನ ಮೇಲಿಂದ ಕೈ ಹಾಕಿ ಚಿಲಕ ತೆಗೆದು, ಚೀಲ ಕೆಳಗೆ ಬಿಸಾಕಿ ಮಗುವನ್ನು ಎತ್ತಿಕೊಂಡಳು. ತಲೆ, ಕೈ, ಕಾಲು, ಮಂಡಿ ಎಲ್ಲ ತಡವಿ ನೋಡಿದಳು. ಅಂಗಿ ಎತ್ತಿ ಬೆನ್ನು ನೋಡಿದಳು. ಅಜ್ಜಿ ಅಷ್ಟು ಹೊತ್ತೂ ತಪ್ಪಿತಸ್ಥಳ ಹಾಗೆ ಎದುರಿಗೆ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಗೋಡೆ ಹಿಡಿದುಕೊಂಡು, ನೆಟ್ಟಗಾಗದ ಕಾಲನ್ನು ಎಳೆಯುತ್ತಾ, ಓಡಿದ ಹಾಗೇ ಬಚ್ಚಲಿಗೆ ಹೋದಳು. ಬೆಳಗ್ಗೆಯಿಂದ ತಡೆದುಕೊಂಡಿದ್ದಳು.

ಹೊರಗೆ ಬಂದಾಗ ಸೊಸೆ ಅಡುಗೆಮನೆಯಲ್ಲಿದ್ದಳು. ಮುಚ್ಚಿಟ್ಟ ಪಾತ್ರೆ ತೆರೆದು ನೋಡುತ್ತಿದ್ದಳು. ಅನ್ನ ಮಾಡಿಟ್ಟ ಹಾಗೇ ಇತ್ತು.

"ಊಟ ಮಾಡಿಲ್ವಾ ಅತ್ತೆ?"

"ಹಸಿವಿರಲಿಲ್ಲ."

"ಬಚ್ಚಲಿಗೂ ಹೋಗಿಲ್ಲ. ಮಾವ ಇದ್ರಲ್ಲ ಮನೇಲಿ. ಅವರ ಕೈಗೆ ಕೊಟ್ಟು ಹೋಗಬಾರದಿತ್ತಾ?"

ಅಜ್ಜಿ ನೆಲ ನೋಡಿದಳು. "ಕೊಡೋಕೆ ಧೈರ್ಯ ಬರಲಿಲ್ಲ," ಅಂದಳು.

ಸೊಸೆಯ ಸೊಂಟದ ಮೇಲೆ ಮರಿ ಗಿಲಕಿ ಕಚ್ಚುತ್ತಿದ್ದ. ಬಾಗಿಲ ಬಳಿ ಮೇಸ್ತ್ರಿಯ ನೆರಳು ಬಂದು, ಒಳಗೆ ಬರದೆ ಅಲ್ಲೇ ನಿಂತಿತು. ಸೊಸೆ ಎರಡು ತಟ್ಟೆ ತೆಗೆದು ತಣ್ಣನೆಯ ಅನ್ನ ಬಡಿಸಿದಳು, ಒಂದನ್ನು ಬಾಗಿಲ ಕಡೆ ಸರಿಸಿದಳು, ಇನ್ನೊಂದನ್ನು ಅಜ್ಜಿಯ ಮುಂದಿಟ್ಟಳು.

"ನಾಳೆ ಮಾವನ ಕೈಗೆ ಕೊಡಿ," ಅಂದಳು. "ಊಟ ಮಾಡೋ ಹೊತ್ತಷ್ಟೇ. ಆದ್ರೆ ಇಬ್ಬರೂ ಒಟ್ಟಿಗೆ ಒಳಗೆ ಹೋಗಬೇಡಿ."

"ಇಲ್ಲಮ್ಮ," ಅಂದಳು ಅಜ್ಜಿ, ಮತ್ತು ತಟ್ಟೆಯ ಮುಂದೆ ಕೂತಳು.